ಟಿಪ್ಪುವನ್ನು ಕೊಂದವರು ಯಾರು?

ಇತಿಹಾಸದಲ್ಲಿ ಖಾಲಿ ಉಳಿದ ಜಾಗವನ್ನು ಜನ ಕಥೆಯಿಂದ ತುಂಬುವುದು ಹೊಸತಲ್ಲ. ವಿಜಯಪುರದ ಸಾಠ್ ಕಬರ್‌ನ ಗೋರಿಗಳ ಸಾಲನ್ನು ತೋರಿಸಿ, ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲ್ ಖಾನ್ ಜ್ಯೋತಿಷಿಯ ಮಾತು ನಂಬಿ ತನ್ನ ಮಡದಿಯರನ್ನೆಲ್ಲ ಬಾವಿಗೆ ನೂಕಿದನೆಂದು ಹೇಳುವುದುಂಟು. ಖಾನ್ 1659ರಲ್ಲಿ ಪ್ರತಾಪಗಡದಲ್ಲಿ ಮಡಿದದ್ದು ಇತಿಹಾಸ, ಉಳಿದದ್ದು ಐತಿಹ್ಯ. ಇಂಡಿ, ಚಡಚಣದ ಕಡೆ ಇಂಥ ಕಥೆಯ ಕೊನೆಗೆ ‘ಹಂಗಂತಾರ’ ಎಂಬ ಮಾತು ಸೇರುತ್ತದೆ. ಅದು ಕೇಳುಗನಿಗೆ ಕೊಡುವ ಎಚ್ಚರಿಕೆ.

ಚುನಾವಣೆಯ ಕಾಲದಲ್ಲಿ ಮೊಬೈಲಿಗೆ ಬರುವ ಕಥೆಗೆ ಈ ಎಚ್ಚರಿಕೆ ಇರುವುದಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಹಬ್ಬಿದ ಉರಿಗೌಡ, ನಂಜೇಗೌಡರ ಪ್ರಕರಣ ಇದಕ್ಕೆ ನಿದರ್ಶನ. ಟಿಪ್ಪು ಸುಲ್ತಾನನನ್ನು ಕೊಂದವರು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬುದು ಅದರ ಸಾರ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ನಡೆದದ್ದೇನು? ಮಧ್ಯಾಹ್ನ ಕೋಟೆಗೋಡೆಯ ಬಿರುಕಿನಿಂದ ಇಂಗ್ಲಿಷ್ ಸೇನೆ ಒಳನುಗ್ಗಿತು. ಕತ್ತಲಾದ ಮೇಲೆ ದೀವಟಿಗೆ ಹಿಡಿದು ಹುಡುಕಿದಾಗ, ಬಾಗಿಲೊಂದರ ಬಳಿ ಹೆಣಗಳ ರಾಶಿಯ ನಡುವೆ ಸುಲ್ತಾನನ ದೇಹ ಸಿಕ್ಕಿತು. ಗಾಯಗೊಂಡು ಬದುಕುಳಿದಿದ್ದ ಸೇವಕ ರಾಜಾ ಖಾನ್ ತಾನು ಕಂಡದ್ದನ್ನು ಹೇಳಿದ. ಇಂಗ್ಲಿಷ್ ಸೈನಿಕನೊಬ್ಬ ಟಿಪ್ಪುವಿನ ಕತ್ತಿಯ ಪಟ್ಟಿಗೆ ಕೈಹಾಕಿದ, ಟಿಪ್ಪು ಕತ್ತಿ ಬೀಸಿದ, ಸೈನಿಕ ತಲೆಗೆ ಗುಂಡು ಹಾರಿಸಿದ. ಯುದ್ಧದಲ್ಲಿದ್ದ ಅಲೆಗ್ಸಾಂಡರ್ ಬೀಟ್ಸನ್ 1800ರಲ್ಲೇ ಪ್ರಕಟಿಸಿದ ಗ್ರಂಥದಲ್ಲಿ ಇದು ದಾಖಲಾಗಿದೆ. ಆದರೆ ಆ ಸೈನಿಕನ ಹೆಸರು ಮಾತ್ರ ದಾಖಲಾಗಲಿಲ್ಲ.

ಕಥೆ ಹೊಕ್ಕದ್ದು ಈ ಖಾಲಿ ಜಾಗಕ್ಕೆ. 2022ರಲ್ಲಿ ಮೈಸೂರು ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಸಿ. ಕಾರ್ಯಪ್ಪನವರ ‘ಟಿಪ್ಪು ನಿಜ ಕನಸುಗಳು’ ನಾಟಕ ಈ ಇಬ್ಬರನ್ನು ರಂಗಕ್ಕೆ ತಂದಿತು. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬರುವ ಹೊತ್ತಿಗೆ ಸ್ವಾಗತ ಕಮಾನಿನ ಮೇಲೆ ಅವರ ಹೆಸರು ಬಂತು. ವಿರೋಧ ಎದ್ದ ಮೇಲೆ ಇಳಿಯಿತು. ಅಂದು ಸಚಿವರಾಗಿದ್ದ ಮುನಿರತ್ನ ಚಲನಚಿತ್ರ ಮಾಡಲು ಹೊರಟರು. ಸಾಮಾಜಿಕ ಜಾಲತಾಣಗಳಲ್ಲಿ ಇಬ್ಬರ ಭಾವಚಿತ್ರವೂ ಹರಿದಾಡಿತು. ಆ ಚಿತ್ರ ತಮಿಳುನಾಡಿನ ಶಿವಗಂಗೆಯ ಮರುದು ಸಹೋದರರದ್ದು! ಇಂಗ್ಲಿಷರ ವಿರುದ್ಧ ಹೋರಾಡಿ 1801ರಲ್ಲಿ ಗಲ್ಲಿಗೇರಿದವರು ಇಲ್ಲಿ ಟಿಪ್ಪುವಿನ ಕೊಲೆಗಾರರಾದರು.

ಹೆಸರು, ಚಿತ್ರ, ಕಮಾನು: ಮೂರೂ ಕೂಡಿದರೆ ಗಾಳಿಮಾತಿಗೆ ದಾಖಲೆಯ ವೇಷ ಬರುತ್ತದೆ. ಒಬ್ಬರ ಅಭಿಮಾನವನ್ನೂ ಇನ್ನೊಬ್ಬರ ಮೇಲಿನ ಸಿಟ್ಟನ್ನೂ ಒಟ್ಟಿಗೆ ಕೆರಳಿಸುವ ಕಥೆಯನ್ನು ಪರೀಕ್ಷಿಸುವವರು ಕಡಿಮೆ. ಇಲ್ಲಿ ಪರೀಕ್ಷೆ ಬಂದದ್ದು ಯಾರ ಅಭಿಮಾನಕ್ಕಾಗಿ ಕಥೆ ಹೆಣೆಯಲಾಗಿತ್ತೋ ಅವರ ಕಡೆಯಿಂದಲೇ ಎಂಬುದು ಗಮನಾರ್ಹ. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಐತಿಹಾಸಿಕ ಆಧಾರವಿಲ್ಲದೆ ಗೊಂದಲ ಬೇಡವೆಂದರು. ಚಿತ್ರ ನಿಂತಿತು.

ವಾಟ್ಸ್‌ಆ್ಯಪ್ ಸಂಸ್ಥೆ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂದು ಮಿತಿ ಹಾಕಿತು. ಇದು ಸುಳ್ಳಿನ ವೇಗ ತಗ್ಗಿಸೀತೇ ಹೊರತು ಆಧಾರ ಕೇಳದು. ‘ಕಂಡವರು ಯಾರು, ಬರೆದದ್ದು ಎಲ್ಲಿ’ ಎಂಬ ಪ್ರಶ್ನೆಯನ್ನು ಓದುಗನೇ ಕೇಳಬೇಕು. ಶ್ರೀರಂಗಪಟ್ಟಣಕ್ಕೆ 500 ಕಿ.ಮೀ.ಗೂ ದೂರವಿರುವ ಚಡಚಣದ ಮತದಾರನಿಗೂ ಇದು ಸಂಬಂಧಿಸಿದ ಸಂಗತಿ. ಮತ ಕೇಳಲು ಬಂದವರನ್ನು ಲಿಂಬೆಯ ತೋಟಕ್ಕೆ ನೀರೆಲ್ಲಿ ಎಂದು ವಿಚಾರಿಸಬೇಕಾದ ಹೊತ್ತನ್ನು, 1799ರ ಇಲ್ಲದ ಲೆಕ್ಕ ತೀರಿಸುವುದರಲ್ಲಿ ಕಳೆದರೆ ನಷ್ಟ ಅವನದೇ.