ಪರದೆ ನಡುವಿನ ಆ ಪ್ಲಸ್ ಗುರುತು

ಯುದ್ಧದ ಸುದ್ದಿ ಬಂದರೆ ಸಾಕು, ನಮ್ಮ ನ್ಯೂಸ್ ರೂಮಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ವಿಷುವಲ್ಸ್ ಇದ್ಯಾ?’ ನೀವೂ ನೋಡಿರ್ತೀರಿ. ಕಪ್ಪು-ಬಿಳುಪು ಚಿತ್ರ, ನಡುವೆ ಒಂದು ಪ್ಲಸ್ ಗುರುತು, ಅದರಡಿ ಒಂದು ಕಟ್ಟಡ. ಸದ್ದಿಲ್ಲ. ಇದ್ದಕ್ಕಿದ್ದಂತೆ ಪರದೆಯೆಲ್ಲ ಬೆಳ್ಳಗೆ. ಅದನ್ನೇ ನಾವು ನಲವತ್ತು ಸಲ ತೋರಿಸ್ತೀವಿ. ಒಮ್ಮೆ ಅಂಥದೇ ದೃಶ್ಯ ಇಟ್ಟುಕೊಂಡು ನಾನು ಐದು ನಿಮಿಷ ಅಬ್ಬರಿಸಿದ್ದೆ. ಅದು ವಿಡಿಯೋ ಗೇಮ್ ಅಂತ ಬ್ರೇಕ್‌ನಲ್ಲಿ ಬಂದು ಹೇಳಿದವನು ಒಬ್ಬ ಟ್ರೈನಿ ಹುಡುಗ. ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಅಸಲಿ ಚಿತ್ರ ಎಲ್ಲಿಂದ ಬರುತ್ತೆ ಅಂತ ಓದೋಕೆ ಕೂತದ್ದು ಆ ನಾಚಿಕೆಯಿಂದಲೇ.

ಅದು ಬರೋದು ಟಾರ್ಗೆಟಿಂಗ್ ಪಾಡ್‌ನಿಂದ. ಯುದ್ಧವಿಮಾನದ ಹೊಟ್ಟೆಯಡಿ ನೇತುಬಿದ್ದಿರುವ ಕೊಳವೆಯಾಕಾರದ ಪೆಟ್ಟಿಗೆ. ಅದರ ಮೂತಿಯಲ್ಲಿ ಕ್ಯಾಮೆರಾ, ಜೊತೆಗೆ ಲೇಸರ್. ಗೋಡೆ ಮೇಲೆ ಟಾರ್ಚ್ ಬೆಳಕು ಬಿಟ್ಟರೆ ಬೆಕ್ಕು ಆ ಚುಕ್ಕಿ ಹಿಂದೆ ಓಡುತ್ತಲ್ಲ, ಹಾಗೇ. ಪಾಡ್ ಗುರಿಯ ಮೇಲೆ ಲೇಸರ್ ಚುಕ್ಕಿ ಇಡುತ್ತೆ, ಬಾಂಬ್ ರೆಕ್ಕೆ ತಿರುಗಿಸಿಕೊಂಡು ಆ ಚುಕ್ಕಿಗೆ ಹೋಗಿ ಬೀಳುತ್ತೆ.

ಈ ಪೆಟ್ಟಿಗೆ ಬೇಕೇಬೇಕು ಅನ್ನಿಸಿದ್ದು ಬೀಳದ ಒಂದು ಸೇತುವೆಯಿಂದ. ಉತ್ತರ ವಿಯೆಟ್ನಾಂನ ಥಾನ್ ಹೋವಾ ಸೇತುವೆ. 1965ರ ಏಪ್ರಿಲ್ 3ರಂದು ಅಮೆರಿಕ 79 ವಿಮಾನ ಕಳಿಸಿ ಅದರ ಮೇಲೆ ಬಾಂಬ್ ಸುರಿಸಿತು. ಸೇತುವೆ ಅಲ್ಲಾಡಲಿಲ್ಲ. ಆಮೇಲೆ ವರ್ಷಗಟ್ಟಲೆ ನೂರಾರು ಹಾರಾಟ. ವಿಮಾನಗಳು ಬಿದ್ದವು, ಪೈಲಟ್‌ಗಳು ಸತ್ತರು, ಸೆರೆಯಾದರು. ಸೇತುವೆ ಮಾತ್ರ ರಿಪೇರಿಯಾಗಿ ನಿಂತೇ ಇತ್ತು.

1968ರ ಹೊತ್ತಿಗೆ ಲೇಸರ್ ಬಾಂಬ್ ಬಂತು. ಆದರೆ ಚುಕ್ಕಿ ಹಿಡಿಯೋರು ಯಾರು? ನಂಬ್ತೀರೋ ಇಲ್ಲವೋ, ಫ್ಯಾಂಟಮ್ ವಿಮಾನದ ಹಿಂದಿನ ಸೀಟಿನಲ್ಲಿ ಕೂತವನು ಕಾಕ್‌ಪಿಟ್ಟಿನ ಎಡಗಡೆ ಕೂರಿಸಿದ ಲೇಸರನ್ನು ಕೈಯಿಂದಲೇ ಗುರಿಗೆ ಹಿಡಿಯಬೇಕಿತ್ತು! ವಿಮಾನ ಎಡಕ್ಕೆ ವಾಲಿಕೊಂಡು ಗುರಿಯ ಸುತ್ತ ಗಿರಕಿ ಹೊಡೀತಾ ಇರಬೇಕು. ಬಾಂಬ್ ಹಾಕೋದು ಇನ್ನೊಂದು ವಿಮಾನ. ಕೆಳಗೆ ವಿಮಾನ ಹೊಡೆಯುವ ತೋಪುಗಳಿರುವ ಜಾಗದಲ್ಲಿ ಹೀಗೆ ಸುತ್ತುವುದು ಅಂದ್ರೆ ಸಾವಿಗೆ ನಾವೇ ವಿಳಾಸ ಕೊಟ್ಟ ಹಾಗೆ.

ಅದಕ್ಕೇ ‘ಪೇವ್ ನೈಫ್’ ಅನ್ನೋ ಪಾಡ್ ಬಂತು. ಕ್ಯಾಮೆರಾ, ಲೇಸರ್ ಎರಡೂ ವಿಮಾನದ ಹೊರಗೆ, ಯಾವ ಕಡೆಗಾದರೂ ತಿರುಗುವಂತೆ. ಈಗ ಪೈಲಟ್ ತಪ್ಪಿಸಿಕೊಂಡು ಹಾರಬಹುದು, ತನ್ನ ಬಾಂಬನ್ನು ತಾನೇ ಗುರಿ ಮುಟ್ಟಿಸಬಹುದು. 1972ರ ಮೇ 13ರಂದು 14 ಫ್ಯಾಂಟಮ್‌ಗಳು ಹೋದವು. ಏಳು ವರ್ಷ ನಿಂತಿದ್ದ ಸೇತುವೆ ಮುರಿದುಬಿತ್ತು.

ಮುಂದೆ ಶಾಖವನ್ನೇ ನೋಡುವ ಇನ್‌ಫ್ರಾರೆಡ್ ಕಣ್ಣು ಬಂತು, ರಾತ್ರಿಯೂ ಹಗಲಾಯ್ತು. 1991ರ ಕೊಲ್ಲಿ ಯುದ್ಧದಲ್ಲಿ ಬಾಂಬ್ ನೇರ ಗುರಿಗೆ ಬೀಳುವ ಚಿತ್ರಗಳನ್ನು ಜಗತ್ತೆಲ್ಲ ಟೀವಿಯಲ್ಲಿ ನೋಡಿತು. ಆ ಯುದ್ಧದಲ್ಲಿ ಹಾಕಿದ ಬಾಂಬ್‌ಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಾಮೂಲಿ ಬಾಂಬ್‌ಗಳೇ. ಅವುಗಳ ವಿಷುವಲ್ಸ್ ಯಾರೂ ಕೊಡಲಿಲ್ಲ, ನಮ್ಮ ಕಸುಬಿನವರು ಕೇಳಲೂ ಇಲ್ಲ.

ಈಗ ನಮ್ಮ ಕತೆಗೆ ಬರ್ತೀನಿ. 1999, ಕಾರ್ಗಿಲ್. ಮೇ 26ಕ್ಕೆ ವಾಯುಪಡೆ ಇಳಿಯಿತು. ಮರುದಿನವೇ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರನ್ನು ಕಳಕೊಂಡೆವು, ನಚಿಕೇತ ಸೆರೆಯಾದರು. 28ಕ್ಕೆ ಒಂದು ಎಂಐ-17 ಹೆಲಿಕಾಪ್ಟರ್, ಅದರಲ್ಲಿದ್ದ ನಾಲ್ವರು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಸಿಗಬಾರದು ಅಂದ್ರೆ ಎತ್ತರದಲ್ಲಿ ಹಾರಬೇಕು. ಎತ್ತರದಿಂದ ಬಂಡೆಗಳ ನಡುವಿನ ಒಂದು ಟೆಂಟು ಕಣ್ಣಿಗೆ ಕಾಣಬೇಕಲ್ಲ? ಪೋಖ್ರಾನ್ ಪರೀಕ್ಷೆಯ ನಂತರದ ದಿಗ್ಬಂಧನ ಬೇರೆ, ಬಿಡಿಭಾಗಕ್ಕೂ ಪರದಾಟ. ಇಸ್ರೇಲಿನ ಲೈಟ್ನಿಂಗ್ ಪಾಡನ್ನು, ಅಲ್ಲಿನ ತಂತ್ರಜ್ಞರ ಜೊತೆ ಸೇರಿ, ಯುದ್ಧ ನಡೀತಿರುವಾಗಲೇ ಮಿರಾಜ್-2000ಕ್ಕೆ ಹೊಂದಿಸಿದರು.

ಜೂನ್ 24. ಟೈಗರ್ ಹಿಲ್. ಲೈಟ್ನಿಂಗ್ ಪರದೆಯಲ್ಲಿ ಶಿಖರದ ಮೇಲಿನ ಟೆಂಟುಗಳು ಕಂಡವು. ವಿಂಗ್ ಕಮಾಂಡರ್ ರಘುನಾಥ್ ನಂಬಿಯಾರ್ ಬಾಂಬ್ ಬಿಟ್ಟರು. ನಮ್ಮ ಬೆಂಗಳೂರಿನ ತೇಜಸ್ ವಿಮಾನವನ್ನು ಮುಂದೆ ಪರೀಕ್ಷಾ ಪೈಲಟ್ ಆಗಿ ಹಾರಿಸಿದವರು ಇವರೇ. ಪ್ಲಸ್ ಗುರುತಿನಡಿ ಎಲ್ಲ ಬೆಳ್ಳಗಾಯ್ತು. ನಮ್ಮ ವಾಯುಪಡೆ ಯುದ್ಧದಲ್ಲಿ ಹಾಕಿದ ಮೊದಲ ಲೇಸರ್ ಬಾಂಬ್ ಅದು. ಇಡೀ ಕಾರ್ಗಿಲ್‌ನಲ್ಲಿ ಅಂಥವು ಬಿದ್ದದ್ದು ಬೆರಳೆಣಿಕೆಯಷ್ಟು.

ಆದರೆ ಅವತ್ತೇ ಟೈಗರ್ ಹಿಲ್ ಕೈಗೆ ಸಿಕ್ಕಿಬಿಡಲಿಲ್ಲ. ಅದಾದ ಮೇಲೆ ಜುಲೈ 3ರ ರಾತ್ರಿ 18 ಗ್ರೆನೇಡಿಯರ್ಸ್‌ನ ಹುಡುಗರು ಹಗ್ಗ ಹಿಡಿದು ಕಡಿದಾದ ಬಂಡೆ ಹತ್ತಿದರು. ಹತ್ತೊಂಬತ್ತರ ಯೋಗೇಂದ್ರ ಸಿಂಗ್ ಯಾದವ್ ಮೈಯೆಲ್ಲ ಗುಂಡು ಹೊಕ್ಕರೂ ಮೇಲೆ ನುಗ್ಗಿದ. ಮರುದಿನ ಶಿಖರ ನಮ್ಮದಾಯ್ತು.

ಮಿರಾಜ್‌ನ ಆ ಕ್ಲಿಪ್ ನಮ್ಮ ಆರ್ಕೈವ್‌ನಲ್ಲಿದೆ. ಹಗ್ಗ ಹಿಡಿದು ಹತ್ತಿದವರ ದೃಶ್ಯಕ್ಕಾಗಿ ಎರಡು ದಿನ ಹುಡುಕಿಸಿದೆ. ಸಿಗಲಿಲ್ಲ.