ಚಿತ್ರಶಾಲೆಯೂ ಊರ ಅಂಗಳವೂ

ಚಿತ್ರಪ್ರದರ್ಶನವೆಂಬ ಮಾತು ನಮ್ಮ ಜಿಲ್ಲೆಗೆ ಹೊಸತು, ಚಿತ್ರವು ಹೊಸತಲ್ಲ. ಈಗ ಉಡುಪಿಯಲ್ಲಿಯೂ ಮಣಿಪಾಲದಲ್ಲಿಯೂ ಗೋಡೆಗಳ ಮೇಲೆ ಚಿತ್ರಗಳನ್ನು ಸಾಲಾಗಿ ತೂಗಹಾಕಿ ಊರವರನ್ನು ಕರೆಯುವ ಪದ್ಧತಿಯು ರೂಢಿಗೆ ಬಂದಿರುವುದು. ಅಷ್ಟೇ ಅಲ್ಲದೆ, ಅದೇ ಕಟ್ಟಡದ ಮತ್ತೊಂದು ಕೋಣೆಯಲ್ಲಿ ಮಕ್ಕಳ ಕೈಗೆ ಮಣ್ಣನ್ನೂ ಬಣ್ಣವನ್ನೂ ಕೊಟ್ಟು, ಕಲಾವಿದನೊಬ್ಬನನ್ನು ಅವರ ನಡುವೆ ಕುಳ್ಳಿರಿಸಿ, ನೋಡಿದುದನ್ನು ಮಾಡಿ ನೋಡುವಂತೆ ಪ್ರೇರಿಸುವ ಶಿಬಿರಗಳೂ ಆಗಾಗ್ಗೆ ನಡೆಯುತ್ತಿರುವುವು. ಇದನ್ನು ಕಂಡು ಕೆಲವರು ಪಟ್ಟಣದ ಷೋಕಿಯೆಂದು ನಗುವರು. ಮತ್ತೆ ಕೆಲವರು ಪರದೇಶದಿಂದ ಬಂದ ಮಹಾಪದ್ಧತಿಯೆಂದು ಕೊಂಡಾಡುವರು. ಈ ಎರಡು ಅಭಿಪ್ರಾಯಗಳೂ ನಮ್ಮ ನಾಡಿನ ಚರಿತ್ರೆಯನ್ನು ಅರಿಯದೆ ಹೇಳಿದವುಗಳೆಂದು ತೋರುವುದರಿಂದ, ಆ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಲು ಯತ್ನಿಸುವೆನು.

ಚಿತ್ರಶಾಲೆಯೆಂಬ ಶಬ್ದವು ಸಂಸ್ಕೃತ ಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ರಾಣಿ ಧಾರಿಣಿಯು ಚಿತ್ರಶಾಲೆಗೆ ಹೋಗಿ, ಆಚಾರ್ಯನು ಬರೆದ ಬಣ್ಣವಿನ್ನೂ ಹೊಸತಾಗಿರುವ ಚಿತ್ರವನ್ನು ನೋಡುತ್ತಿರುವಾಗ ಅರಸನು ಬರುವನು, ಪರಿವಾರದ ನಡುವೆ ಚಿತ್ರಿತಳಾದ ಮಾಲವಿಕೆಯನ್ನು ಅವನು ಕಾಣುವುದರಿಂದಲೇ ಕಥೆಯು ಹುಟ್ಟುವುದು. ಭವಭೂತಿಯ ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ಲಕ್ಷ್ಮಣನು ಸೀತಾರಾಮರಿಗೆ ಅವರದೇ ಜೀವನದ ಚಿತ್ರಗಳನ್ನು ತೋರಿಸುವನು. ಕಳೆದುಹೋದ ವನವಾಸವು ಗೋಡೆಯ ಮೇಲೆ ಮತ್ತೆ ಕಣ್ಣಿಗೆ ಬೀಳಲು ಮೂವರೂ ಕದಡಿಹೋಗುವರು. ಕಾಡನ್ನು ಮತ್ತೊಮ್ಮೆ ನೋಡಬೇಕೆಂಬ ಸೀತೆಯ ಬಯಕೆಯು ಆ ನೋಟದಿಂದಲೇ ಹುಟ್ಟುವುದು. ಚಿತ್ರವನ್ನು ನೋಡುವುದೆಂದರೆ ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸಿದ ಗ್ರಂಥವು ವಿರಳ. ಆದರೆ ಇವೆಲ್ಲವೂ ಅರಮನೆಯ ಚಿತ್ರಶಾಲೆಗಳು. ಅಲ್ಲಿಗೆ ಊರವರಿಗೆ ಪ್ರವೇಶವಿತ್ತೆಂದು ಕವಿಗಳು ಹೇಳಿಲ್ಲ.

ಮತ್ತೊಂದು ವಿಷಯವನ್ನು ಶಾಸ್ತ್ರಗ್ರಂಥಗಳು ತಿಳಿಸುವುವು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸನು ಪ್ರತಿಮೆಯನ್ನು ಮಾಡುವ ಕ್ರಮವನ್ನು ತಿಳಿಸಬೇಕೆಂದು ಮಾರ್ಕಂಡೇಯ ಮುನಿಯನ್ನು ಕೇಳುವನು. ಚಿತ್ರಸೂತ್ರವನ್ನರಿಯದೆ ಪ್ರತಿಮೆಯು ತಿಳಿಯದೆಂದೂ, ನೃತ್ಯವನ್ನರಿಯದೆ ಚಿತ್ರವು ತಿಳಿಯದೆಂದೂ, ವಾದ್ಯವನ್ನರಿಯದೆ ನೃತ್ಯವೂ, ಗೀತವನ್ನರಿಯದೆ ವಾದ್ಯವೂ ತಿಳಿಯವೆಂದೂ ಮುನಿಯು ಉತ್ತರಕೊಡುವನು. ಕಲೆಗಳು ಒಂದರ ಕೈಯನ್ನೊಂದು ಹಿಡಿದು ನಡೆಯುವುವೆಂಬುದು ಇದರ ತಾತ್ಪರ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುವೆನು. ಮುಂದೆ ಇದರ ಪ್ರಯೋಜನವು ಕಂಡುಬರುವುದು.

ಇನ್ನು ನಮ್ಮ ಕರಾವಳಿಯ ವಿಚಾರ. ಹಿರಿಯಡ್ಕವೆಂಬ ಊರ ಹೆಸರಿನಲ್ಲಿಯೇ ಅಡ್ಕವಿದೆ. ಅಡ್ಕವೆಂದರೆ ಮರಗಳ ಮರೆಯಿಲ್ಲದ ವಿಶಾಲವಾದ ಬಯಲು. ತುಳುನಾಡಿನಲ್ಲಿ ಕಲೆಯು ಪ್ರದರ್ಶಿತವಾದುದು ಇಂತಹ ಬಯಲುಗಳಲ್ಲಿ, ಗುತ್ತುಮನೆಗಳ ಅಂಗಳಗಳಲ್ಲಿ, ದೇವಸ್ಥಾನದ ಗೋಪುರಗಳ ಮುಂದೆ. ಹಿರಿಯಡ್ಕದ ವೀರಭದ್ರ ದೇವಸ್ಥಾನದಲ್ಲಿ ನಡೆಯುವ ಸಿರಿಜಾತ್ರೆಯನ್ನು ಬಲ್ಲವರಿಗೆ ನೋಡುವವರಾರು, ಆಡುವವರಾರು ಎಂಬ ಭೇದವು ಅಲ್ಲಿ ನಿಲ್ಲದೆಂದು ಹೇಳಬೇಕಾದುದಿಲ್ಲ.

ಗೋಡೆಯ ಚಿತ್ರಕ್ಕೂ ನಮ್ಮಲ್ಲಿ ಸ್ವಂತ ಪದ್ಧತಿಯೊಂದಿದ್ದಿತು. ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಬ್ಬಿದ ಕಾವಿಕಲೆಯೇ ಅದು. ಚಿಪ್ಪಿನ ಸುಣ್ಣಕ್ಕೆ ಮರಳನ್ನೂ ಬೆಲ್ಲದ ನೀರನ್ನೂ ಸೇರಿಸಿ ಕುಟ್ಟಿ, ಕೆಲವು ದಿನ ಹುಳಿಯಲು ಬಿಟ್ಟು, ಆ ಗಾರೆಯನ್ನು ಗೋಡೆಗೆ ಬಳಿಯುವರು. ಅದರ ಮೇಲೆ ಕೆಮ್ಮಣ್ಣನ್ನು ಬೆರೆಸಿದ ತೆಳುವಾದ ಲೇಪವನ್ನು ಕೊಟ್ಟು, ಅದು ಹಸಿಯಾಗಿರುವಾಗಲೇ ಕೈವಾರದಿಂದಲೂ ಕಬ್ಬಿಣದ ಕಂಟದಿಂದಲೂ ಕೆಂಪನ್ನು ಕೆರೆದು ತೆಗೆಯುವರು. ಕೆರೆದಲ್ಲಿ ಒಳಗಿನ ಬಿಳುಪು ಹೊರಬೀಳುವುದು. ಬಿಟ್ಟಲ್ಲಿ ಕೆಂಪು ನಿಲ್ಲುವುದು. ಎರಡೇ ಬಣ್ಣಗಳಲ್ಲಿ ದೇವತೆಗಳೂ ಬಳ್ಳಿಗಳೂ ಪದ್ಮಗಳೂ ಮೂಡುವುವು. ಗೋಡೆಯೊಡನೆಯೇ ಚಿತ್ರವು ಗಟ್ಟಿಯಾಗುವುದರಿಂದ ನಮ್ಮ ಮಳೆಗಾಲಗಳನ್ನು ಅದು ತಡೆದುಕೊಳ್ಳುತ್ತಿದ್ದಿತು. ಗಾರೆಯು ಆರುವ ಮೊದಲು ಕೆಲಸವು ಮುಗಿಯಬೇಕಾಗಿದ್ದುದರಿಂದ ಹಲವು ಕೈಗಳು ಒಟ್ಟಾಗಿ ದುಡಿಯಬೇಕಾಗಿದ್ದಿತು. ಬರೆದವನು ತನ್ನ ಹೆಸರನ್ನು ಅದರಡಿಯಲ್ಲಿ ಬರೆಯುವ ವಾಡಿಕೆಯಿರಲಿಲ್ಲ.

ಹೀಗೆಯೇ ಭೂತಕೋಲದ ಕಲೆ. ಪಂಬದ, ನಲಿಕೆ, ಪರವ ಸಮುದಾಯದವರು ಎಳೆಯ ತೆಂಗಿನ ಗರಿಯನ್ನು ಸೀಳಿ ಉಡುಪನ್ನು ಕಟ್ಟುವರು; ಅಡಕೆಯ ಹಾಳೆಯಿಂದ ಅಣಿಯನ್ನು ರಚಿಸುವರು; ಅರದಾಳದ ಹಳದಿಯನ್ನು ಮುಖಕ್ಕೆ ಲೇಪಿಸಿ ಅದರ ಮೇಲೆ ರೇಖೆಗಳನ್ನು ಎಳೆಯುವರು. ಒಂದು ರಾತ್ರಿಗಾಗಿ ಮಾಡಿದ ಆ ಗರಿಯ ಶಿಲ್ಪವು ಬೆಳಗಾಗುವಾಗ ಬಾಡಿಹೋಗುವುದು. ಅಷ್ಟಮಿಯ ಕಾಲದಲ್ಲಿ ಉಡುಪಿಯಲ್ಲಿ ಹುಲಿವೇಷ ಹಾಕುವವನು ಎರಡು ಕೈಗಳನ್ನೂ ಕೋಲಿಗೆ ಆನಿಸಿಕೊಂಡು ತಾಸುಗಟ್ಟಲೆ ನಿಂತಿರಲು, ಬಣ್ಣಗಾರನು ಮೊದಲು ಹಿನ್ನೆಲೆಯ ಬಣ್ಣವನ್ನು ಹಚ್ಚಿ, ಅದು ಒಣಗಿದ ಮೇಲೆ ಪಟ್ಟೆಗಳನ್ನು ಬರೆಯುವನು. ಜೀವವುಳ್ಳ ಮೈಯೇ ಅವನಿಗೆ ಭಿತ್ತಿ. ಸುತ್ತಲೂ ನಿಂತ ಮಕ್ಕಳು ಆ ಕೆಲಸವನ್ನು ಕಣ್ಣಾರೆ ನೋಡಿ, ಮರುದಿನ ಮನೆಯ ಜಗಲಿಯಲ್ಲಿ ತಮ್ಮ ತಮ್ಮನನ್ನೇ ಮಸಿಯಿಂದ ಹುಲಿಯಾಗಿಸುವರು. ಇದಕ್ಕಿಂತ ಹಿರಿದಾದ ಶಿಬಿರವು ಬೇರೆ ಯಾವುದು?

ಹೀಗಿದ್ದರೂ ಒಂದು ಅನ್ಯಾಯವನ್ನು ಮರೆಮಾಚದೆ ಹೇಳಬೇಕಾಗಿದೆ. ಅಣಿಯನ್ನು ಕಟ್ಟಿದವನನ್ನು ನಾವು ಕಲಾವಿದನೆಂದು ಕರೆಯಲಿಲ್ಲ; ಅವನ ಜಾತಿಯ ಹೆಸರಿನಿಂದ ಕರೆದೆವು. ಇರುಳಿನಲ್ಲಿ ದೈವವೆಂದು ಕೈಮುಗಿದವನನ್ನು ಹಗಲಿನಲ್ಲಿ ಅಂಗಳದ ಹೊರಗೆ ನಿಲ್ಲಿಸಿದೆವು. ಶಾಸ್ತ್ರವನ್ನು ಓದಿದವರು ಚಿತ್ರಸೂತ್ರವನ್ನು ಬಾಯಿಪಾಠ ಮಾಡಿದರು. ಚಿತ್ರವನ್ನು ಮಾಡಬಲ್ಲವನಿಗೆ ಆ ಸೂತ್ರವನ್ನು ಕೇಳುವ ಅವಕಾಶವಿರಲಿಲ್ಲ. ನಮ್ಮ ಅಂಗಳವು ಅರಮನೆಯ ಚಿತ್ರಶಾಲೆಗಿಂತ ವಿಶಾಲವಾಗಿದ್ದುದು ನಿಜ. ಆದರೆ ಎಲ್ಲರಿಗೂ ಸಮನಾಗಿ ತೆರೆದಿದ್ದಿತೆಂದು ಹೆಮ್ಮೆಪಡುವಂತಿಲ್ಲ.

ಆಧುನಿಕ ಕಾಲದ ಆರಂಭದಲ್ಲಿ ನಮ್ಮ ಮನೆಗಳನ್ನು ಹೊಕ್ಕ ಚಿತ್ರವು ಅಚ್ಚಿನದು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯದ ಲಕ್ಷ್ಮೀ ಸರಸ್ವತಿಯರು ದೇವರ ಕೋಣೆಗಳಲ್ಲಿ ನೆಲೆಸಿದರು. ಬಡವನ ಮನೆಗೂ ಚಿತ್ರವು ಬಂದುದು ಅದರ ಲಾಭ. ಗೋಡೆಯ ಮೇಲೆ ಕೈಯಿಂದ ಬರೆಯುವ ಅಭ್ಯಾಸವು ಕುಗ್ಗಿದುದು ಅದರ ನಷ್ಟ. ಅದೇ ವೇಳೆಗೆ ಸಾರ್ವಜನಿಕ ಸಂಸ್ಥೆಗಳೂ ಹುಟ್ಟಿದುವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1915ರಲ್ಲಿ ಚಿತ್ರಶಾಲೆಯು ತೆರೆಯಲ್ಪಟ್ಟಿತು, ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಆರಂಭಿಸಿದರು. ಧಾರವಾಡದಲ್ಲಿ ಹಾಲಭಾವಿಯವರು 1935ರಲ್ಲಿ ಚಿತ್ರಕಲಾ ಶಾಲೆಯನ್ನು ಕಟ್ಟಿದರು. ನಮ್ಮ ಜಿಲ್ಲೆಯು 1799ರಿಂದ ಮದರಾಸು ಆಧಿಪತ್ಯಕ್ಕೆ ಸೇರಿದ್ದರೂ, ಹೊಟ್ಟೆಪಾಡಿಗಾಗಿಯೂ ವಿದ್ಯೆಗಾಗಿಯೂ ನಮ್ಮವರು ನೋಡುತ್ತಿದ್ದುದು ಹೆಚ್ಚಾಗಿ ಮುಂಬಯಿಯ ಕಡೆಗೆ.

ಹಾಗೆ ಮುಂಬಯಿಗೆ ಹೋದವರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರು ಅಗ್ರಗಣ್ಯರು. ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಕೆಲವು ವರ್ಷ ಅಧ್ಯಾಪಕರಾಗಿದ್ದು, ಬಳಿಕ ಪ್ಯಾರಿಸಿನಲ್ಲಿಯೂ ಅಭ್ಯಾಸಮಾಡಿದರು. 1961ರಲ್ಲಿ ಪದ್ಮಶ್ರೀಯೂ 1989ರಲ್ಲಿ ಪದ್ಮಭೂಷಣವೂ ಅವರಿಗೆ ಸಂದುವು, 1996ರಲ್ಲಿ ತೀರಿಕೊಂಡರು. ಅವರ ರೇಖೆಗೆ ಹಾಡುವ ರೇಖೆಯೆಂಬ ಹೆಸರು ನಿಂತಿರುವುದು. ಆ ರೇಖೆಯ ಗುಟ್ಟನ್ನು ಅರಸುವವರು ಒಂದು ಸಂಗತಿಯನ್ನು ಗಮನಿಸಬೇಕು: ಹೆಬ್ಬಾರರು ಚಿತ್ರಗಾರರಾಗಿಯೇ ಇದ್ದುಕೊಂಡು ಕಥಕ್ ನೃತ್ಯವನ್ನು ಗುರುಮುಖದಿಂದ ಕಲಿತಿದ್ದರು. ನೃತ್ಯವನ್ನರಿಯದೆ ಚಿತ್ರವು ತಿಳಿಯದೆಂದ ಮಾರ್ಕಂಡೇಯನ ಮಾತನ್ನು ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಜಿಲ್ಲೆಯವರೊಬ್ಬರು ಮೈಯಿಂದಲೇ ಪರೀಕ್ಷಿಸಿ ನೋಡಿದರು. ಇಂದು ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯಿರುವುದು ಉಚಿತವೇ ಆಗಿದೆ. ಉಡುಪಿಯ ಚಿತ್ರಕಲಾ ಮಂದಿರವೂ ಊರ ಮಕ್ಕಳಿಗೆ ಊರಲ್ಲಿಯೇ ಕಲಿಯುವ ದಾರಿಯನ್ನು ಮಾಡಿಕೊಟ್ಟಿದೆ.

ಕೈಯಿಂದ ಮಾಡಿ ಕಲಿಯುವ ವಿಚಾರದಲ್ಲಿ ಕೋಟದ ಶಿವರಾಮ ಕಾರಂತರನ್ನು (1902–1997) ನೆನೆಯದಿರುವುದು ಕೃತಘ್ನತೆಯಾದೀತು. 1930ರ ದಶಕದಲ್ಲಿಯೇ ಅವರು ಪುತ್ತೂರಿನಲ್ಲಿ ಮಕ್ಕಳನ್ನು ಕೂಡಿಸಿ, ಹಾಡು, ಕುಣಿತ, ನಾಟಕ, ಚಿತ್ರಗಳ ಮೂಲಕ ಶಿಕ್ಷಣದ ಪ್ರಯೋಗಗಳನ್ನು ನಡೆಯಿಸಿದರು. ಅವರ ಬಾಲವನವು ಆ ಪ್ರಯೋಗಗಳ ನೆಲೆಯಾಯಿತು. ಕಲೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಬೀಗಹಾಕಿಡಬಾರದೆಂಬುದು ಅವರ ಬಾಳಿನ ನಡೆಯಿಂದಲೇ ಗೊತ್ತಾಗುವುದು. ಅವರೇ ಮುಂದೆ ಯಕ್ಷಗಾನದ ಪ್ರಯೋಗಗಳನ್ನು ಕೈಕೊಂಡಾಗ ಅವರೊಡನೆ ಮದ್ದಳೆಗಾರರಾಗಿ ನಿಂತವರು ಹಿರಿಯಡ್ಕದ ಗೋಪಾಲರಾಯರು (1919–2020). ನಮ್ಮ ಸಣ್ಣ ಊರಿನ ಹೆಸರು ದೂರದೂರಕ್ಕೆ ಹೋದುದು ಆ ಮದ್ದಳೆಯ ನಾದದ ಮೇಲೆ.

ಈಗ ಸಂಗ್ರಹದ ಪ್ರಶ್ನೆಗೆ ಬರೋಣ. ಬಾರಕೂರಿನ ಸಮೀಪದ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಮರದಿಂದ ಕೆತ್ತಿದ ಭೂತಮೂರ್ತಿಗಳ ದೊಡ್ಡ ಸಮೂಹವಿದ್ದಿತು. ಜೀರ್ಣೋದ್ಧಾರದ ಕಾಲದಲ್ಲಿ ಹೊಸ ಮೂರ್ತಿಗಳನ್ನು ಮಾಡಿಸಲಾಗಿ, ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದುವು. ಹಾಗೆ ಹೋಗದಿದ್ದರೆ ಮಳೆಗೂ ಗೆದ್ದಲಿಗೂ ತುತ್ತಾಗುತ್ತಿದ್ದುವೆಂದು ಒಂದು ಪಕ್ಷ. ದೈವದ ಊರನ್ನು ಬಿಟ್ಟ ಮೂರ್ತಿಯು ಬರಿಯ ಮರವೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೊಸ ಮೂರ್ತಿಗಳನ್ನು ಕೆತ್ತಬಲ್ಲ ಕೈಗಳು ಆಗ ಇದ್ದುವೆಂಬುದು. ಕೈಗಳಿರುವವರೆಗೆ ಮೂರ್ತಿಯು ಹೋದರೂ ಕಲೆಯು ಹೋಗದು.

1974ರ ಭೂಸುಧಾರಣೆಯ ಕಾನೂನಿನ ತರುವಾಯ ಗೇಣಿಯ ಆದಾಯವು ನಿಂತು, ಅವಿಭಕ್ತ ಕುಟುಂಬಗಳು ಒಡೆದು, ದೊಡ್ಡ ಚೌಕಿಮನೆಗಳನ್ನು ಕಾಪಾಡುವುದು ಅಸಾಧ್ಯವಾಯಿತು. ಉಳುವವನಿಗೆ ಹೊಲವು ದೊರೆತುದು ನ್ಯಾಯವೇ. ಮನೆಗಳು ಮಾತ್ರ ಮರದ ಬೆಲೆಗೆ ಬಿಕರಿಯಾದುವು. ಆಗ ಬ್ಯಾಂಕಿನ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈಯವರು ಆ ಮನೆಗಳನ್ನು ಬಿಡಿಸಿ ತಂದು, ತೊಲೆಗೆ ತೊಲೆ ಹೊಂದಿಸಿ, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. 1816ರ ಕುಂಜೂರು ಚೌಕಿಮನೆಯೂ ಮಿಯಾರಿನ ಮನೆಯೂ ಹೀಗೆ ಉಳಿದುವು. 2017ರಲ್ಲಿ ಅವರು ಗತಿಸಿದರು. ಹಸ್ತಶಿಲ್ಪವೆಂದು ಅವರಿಟ್ಟ ಹೆಸರು ಅರ್ಥವತ್ತಾಗಿದೆ. ಆದರೂ ಒಂದು ವಿಷಾದವುಂಟು: ಆ ಮನೆಗಳ ಬಾಗಿಲುವಾಡವನ್ನು ನೋಡಿ ಬೆರಗಾಗುವವರು ಸಾವಿರಾರು ಮಂದಿ, ಅಂತಹದೊಂದನ್ನು ಕೆತ್ತಬಲ್ಲ ಬಡಗಿಯ ಮಗನು ಇಂದು ಆ ಉಳಿಯನ್ನು ಹಿಡಿಯಲು ಹಿಂಜರಿಯುವನು.

ಇದೇ ಕಾರಣದಿಂದ ಗ್ಯಾಲರಿಗಳ ಕಲಿಕೆಯ ಶಿಬಿರಗಳನ್ನು ನಾನು ಗೌರವದಿಂದ ಕಾಣುವೆನು; ಮತ್ತು ಅದೇ ಕಾರಣದಿಂದ ಅವುಗಳ ಮುಂದೆ ಒಂದು ಬೇಡಿಕೆಯನ್ನಿಡುವೆನು. ರಜೆಯ ಎರಡು ದಿನ ಮಕ್ಕಳು ಬಣ್ಣವನ್ನು ಚೆಲ್ಲಿ ಮನೆಗೆ ಹೋದರೆ ಸಂತೋಷವಾಗುವುದು, ವಿದ್ಯೆಯಾಗದು. ವಿದ್ಯೆಗೆ ಆವೃತ್ತಿಯು ಬೇಕು, ಗುರುವು ಬೇಕು. ಆ ಗುರುವಿನ ಪೀಠದಲ್ಲಿ ಪದವಿ ಪಡೆದ ಚಿತ್ರಗಾರನೊಡನೆ ಅಣಿಯನ್ನು ಕಟ್ಟುವವನೂ, ಹುಲಿಯ ಪಟ್ಟೆಯನ್ನು ಬರೆಯುವವನೂ, ಕಾವಿಯ ಗಾರೆಯನ್ನು ಬಲ್ಲ ಮುದುಕನೂ, ಮಣ್ಣಿನ ಗಣಪತಿಯನ್ನು ಮಾಡುವವನೂ ಸಮನಾಗಿ ಕುಳಿತುಕೊಳ್ಳಬೇಕು. ಅವರ ಹೆಸರುಗಳು ಆಮಂತ್ರಣಪತ್ರಿಕೆಯಲ್ಲಿ ಅದೇ ಅಕ್ಷರಗಳಲ್ಲಿ ಅಚ್ಚಾಗಬೇಕು, ಸಂಭಾವನೆಯೂ ಸಮನಾಗಿರಬೇಕು. ನಮ್ಮ ಅಂಗಳವು ಮಾಡದೆ ಬಿಟ್ಟ ನ್ಯಾಯವನ್ನು ಚಿತ್ರಶಾಲೆಯು ಮಾಡಬಲ್ಲುದು. ಅದಕ್ಕೆ ಬೇಕಾದುದು ಎರಡು ಚಾಪೆಗಳನ್ನು ಒಂದೇ ಎತ್ತರದಲ್ಲಿ ಹಾಸುವ ಮನಸ್ಸು.

ಹಳ್ಳಿಯವರಿಗೆ ಹೊಸ ಚಿತ್ರವು ಅರ್ಥವಾಗದೆಂದು ಆಕ್ಷೇಪಿಸುವವರುಂಟು. ಇರುಳಿಡೀ ಬಯಲಾಟವನ್ನು ನೋಡಿ, ಕಿರೀಟದ ಆಕಾರದಿಂದಲೂ ಮುಖದ ಬಣ್ಣದಿಂದಲೂ ಪಾತ್ರದ ಗುಣವನ್ನು ಗುರುತಿಸುವ ಜನಕ್ಕೆ ಸಂಕೇತವನ್ನು ಓದಲು ಬಾರದೆಂದರೆ ನಂಬತಕ್ಕುದಲ್ಲ. ಅವರಿಗೆ ಬೇಕಾದುದು ಪರಿಚಯ. ಚಿತ್ರಗಳು ವರ್ಷಕ್ಕೊಮ್ಮೆಯಾದರೂ ಮಣಿಪಾಲದ ಗುಡ್ಡವನ್ನಿಳಿದು ಹಿರಿಯಡ್ಕ, ಪೆರ್ಡೂರು, ಕಾಪು, ಕಾರ್ಕಳಗಳ ಶಾಲೆಗಳ ಜಗಲಿಗೆ ಬರಲಿ. ಜಾತ್ರೆಯ ದಿನಗಳಲ್ಲಿ ಬಂದರೆ ಮತ್ತಷ್ಟು ಒಳ್ಳೆಯದು. ಹಾಗೆ ಬಂದಾಗ, ನೋಡಿದವರ ಕೈಗೆ ಒಂದು ತುಂಡು ಇದ್ದಿಲು, ಒಂದು ಮುಷ್ಟಿ ಕೆಮ್ಮಣ್ಣು ದೊರೆಯಲಿ. ಕೆಮ್ಮಣ್ಣಿಗೆ ನಮ್ಮ ಅಡ್ಕಗಳಲ್ಲಿ ಬರವಿಲ್ಲ. ಅದನ್ನು ಮಕ್ಕಳ ಕೈಗೆ ಕೊಡಲು ಮನೆಮನೆಯ ಹಿರಿಯರು ಮನಸ್ಸುಮಾಡಬೇಕೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುವೆನು.