ಹಂಚು ಉಳೀತು, ಬೀಸೋಕಲ್ಲು ಹೋಯ್ತು... ಯಾಕೆ?

ಮುಧೋಳ ಅಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆಲ್ಲ ನಾಯಿ ನೆನಪಾಗುತ್ತೆ. ಅದು ಬಾಗಲಕೋಟೆ ಜಿಲ್ಲೆಯ ಮುಧೋಳರೀ! ನಾನು ಹೇಳ್ತಿರೋದು ಕಲಬುರಗಿ ಜಿಲ್ಲೆ, ಸೇಡಂ ತಾಲೂಕಿನ ಮುಧೋಳ. ಈ ಕಡೆ ಹೆಸರು ಮಾಡಿದ್ದು ನಾಯಿ ಅಲ್ಲ, ಜೋಳದ ರೊಟ್ಟಿ, ತೊಗರಿಬೇಳೆ ಮತ್ತು ಶಹಾಬಾದ್ ಕಲ್ಲು :-)

ಹೊಸದಾಗಿ ಕೆಲಸ ಸಿಕ್ಕಿ ಬಾಡಿಗೆ ಮನೆ ಮಾಡಿದವರೆಲ್ಲ ಕೇಳೋ ಪ್ರಶ್ನೆ ಒಂದಿದೆ. ಅಡುಗೆಮನೆಗೆ ಏನೇನು ತಗೋಬೇಕು? ಒಂದು ಗುಂಪು "ಹೊಸ ಮಾಡೆಲ್ ತಗೋ" ಅನ್ನುತ್ತೆ. ಇನ್ನೊಂದು ಗುಂಪು "ಅಜ್ಜಿ ಕಾಲದ್ದೇ ಬೆಸ್ಟ್" ಅನ್ನುತ್ತೆ. ಇಬ್ಬರೂ ಎರಡು ಪ್ರಶ್ನೆ ಮರೀತಾರೆ. ಬೇಯಿಸೋ ಧಾನ್ಯ ಯಾವುದು? ಕೆಲಸ ಮಾಡೋ ತೋಳು ಯಾರದು? ನಮ್ಮ ಕಡೆಯ ಅಡುಗೆ ಸಾಮಾನುಗಳ ಇತಿಹಾಸ ನೋಡಿದರೆ, ಏನು ಉಳೀತು ಏನು ಹೋಯ್ತು ಅನ್ನೋದನ್ನ ತೀರ್ಮಾನ ಮಾಡಿದ್ದು ಈ ಎರಡೇ ಪ್ರಶ್ನೆಗಳು.

ಮೊದಲು ಧಾನ್ಯದ ಕಥೆ.

ಜೋಳ ನಮ್ಮದು ಅಂತ ನಾವು ಎಷ್ಟೇ ಎದೆ ತಟ್ಟಿಕೊಂಡರೂ ಅದರ ತವರು ಆಫ್ರಿಕಾ, ಈಗಿನ ಸುಡಾನ್ ಕಡೆ. ಸುಮಾರು 4000 ವರ್ಷಗಳ ಹಿಂದೆ ಅದು ಭಾರತಕ್ಕೆ ಬಂತು. ಅದಕ್ಕೂ ಮೊದಲು ದಖ್ಖನ್ನಿನ ನವಶಿಲಾಯುಗದ ರೈತರು ಹುರುಳಿ, ಹೆಸರು, ಸಣ್ಣ ಸಿರಿಧಾನ್ಯ ತಿಂತಿದ್ದರು. ತಡವಾಗಿ ಬಂದ ನೆಂಟ ಆಮೇಲೆ ಮನೆ ಯಜಮಾನನೇ ಆಗಿಬಿಟ್ಟ!

ಈ ಯಜಮಾನನಿಗೆ ಒಂದು ಗುಣ ಇದೆ. ಗೋಧಿಯಲ್ಲಿ ಇರೋ ಗ್ಲುಟೆನ್ ಜೋಳದಲ್ಲಿ ಇಲ್ಲ. ಗೋಧಿ ಹಿಟ್ಟನ್ನ ತಣ್ಣೀರಲ್ಲಿ ಕಲಸಿದರೂ ರಬ್ಬರಿನ ಹಾಗೆ ಎಳೆಯಬಹುದು. ಜೋಳದ ಹಿಟ್ಟು ಎಳೆದರೆ ಹರಿಯುತ್ತೆ. ಅದಕ್ಕೇ ಎಸರಿಟ್ಟು, ಕುದಿಯೋ ನೀರು ಹಾಕಿ ಕಲಸೋದು. ಬಿಸಿಗೆ ಹಿಟ್ಟಿನಲ್ಲಿರೋ ಪಿಷ್ಟ ಉಬ್ಬಿ ಅಂಟಾಗುತ್ತೆ, ಹಿಟ್ಟಿಗೆ ಜಿಗಿ ಬರುತ್ತೆ. ಆಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಅದಕ್ಕೆ ಆಳದ ಬಟ್ಟಲು ಬರಲ್ಲ, ಅಗಲದ ಪರಾತವೇ ಬೇಕು. ಲಟ್ಟಣಿಗೆಗಿಂತ ಕೈಯಲ್ಲಿ ಬಡಿದರೆ ಅಂಚು ಒಡೆಯೋದು ಕಡಿಮೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಇಲ್ಲದಿದ್ದರೆ ಮೇಲೆಲ್ಲ ಬಿರುಕು.

ನೋಡಿ, ಪರಾತ, ಹಂಚು, ಒಂದು ತುಂಡು ಬಟ್ಟೆ. ಈ ಲಿಸ್ಟ್ ಮಾಡಿದ್ದು ಯಾವ ಅಂಗಡಿಯವನೂ ಅಲ್ಲ, ಜೋಳ.

ಈಗ ನಾನ್‌ಸ್ಟಿಕ್ ತವಾ ವಿಷಯಕ್ಕೆ ಬರೋಣ. ಟೆಫ್ಲಾನ್ ಸಿಕ್ಕಿದ್ದು 1938ರಲ್ಲಿ, ರಾಯ್ ಪ್ಲಂಕೆಟ್ ಅನ್ನೋ ಅಮೆರಿಕದ ಕೆಮಿಸ್ಟ್‌ಗೆ, ಅದೂ ಆಕಸ್ಮಿಕವಾಗಿ. 1950ರ ದಶಕದಲ್ಲಿ ಫ್ರಾನ್ಸಿನವರು ಅದನ್ನ ಬಾಣಲೆಗೆ ಅಂಟಿಸಿದರು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪ ಕೆಡೋಕೆ ಶುರುವಾಗುತ್ತೆ. ದೋಸೆಗೆ ಅಡ್ಡಿ ಇಲ್ಲ. ಆದರೆ ರೊಟ್ಟಿಗೆ ನಾವು ಎಣ್ಣೆ ನೀರು ಏನೂ ಇಲ್ಲದೆ ಖಾಲಿ ಹಂಚನ್ನ ದೊಡ್ಡ ಉರಿಯಲ್ಲಿ ಕಾಯಿಸ್ತೀವಿ. ಅಲ್ಲಿ ದಪ್ಪ ಕಬ್ಬಿಣಕ್ಕೆ ಸಾಟಿ ಇಲ್ಲ. ಹಂಚು ಉಳಿದಿದ್ದು ಸಂಪ್ರದಾಯದ ಮೇಲಿನ ಪ್ರೀತಿಯಿಂದ ಅಲ್ಲ, ಜೋಳಕ್ಕೆ ಅದಕ್ಕಿಂತ ಒಳ್ಳೇದು ಸಿಗಲಿಲ್ಲ ಅಷ್ಟೇ.

ಸರಿ, ಹಂಚಿನ ಹಾಗೆ ಬೀಸೋಕಲ್ಲು ಯಾಕೆ ಉಳೀಲಿಲ್ಲ?

ಕಲ್ಲಿಗಂತೂ ಕೊರತೆ ಇರಲಿಲ್ಲ. ಆದರೆ ಒಂದು ತಮಾಷೆ ಗಮನಿಸಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಇರೋದೆಲ್ಲ ಸುಣ್ಣದಕಲ್ಲು. ಪದರ ಪದರವಾಗಿ ಏಳುತ್ತೆ, ಅದಕ್ಕೇ ನೆಲಹಾಸಿಗೆ, ಅಡುಗೆಮನೆ ಕಟ್ಟೆಗೆ ಹೇಳಿ ಮಾಡಿಸಿದ ಹಾಗಿದೆ. ಭೀಮಾ ದಂಡೆಯ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳೂ ಸುಣ್ಣದಕಲ್ಲಿನವೇ. ಈಗ ಅದೇ ಕಲ್ಲು ಸಿಮೆಂಟ್ ಫ್ಯಾಕ್ಟರಿಗಳಿಗೆ ಹೋಗುತ್ತೆ. ಆದರೆ ಬೀಸೋಕಲ್ಲಿಗೆ ಮಾತ್ರ ಬೇಡ! ಗಡಸುತನದ ಮೋಸ್ ಅಳತೆಯಲ್ಲಿ ಅದು ಬರೀ 3ರ ಆಸುಪಾಸು. ಬೇಗ ಸವೆದು ಹಿಟ್ಟಿಗೆ ಪುಡಿ ಸೇರುತ್ತೆ. ಒರಳಿಗೂ ಆಗಲ್ಲ, ಹುಣಸೆಹುಳಿ ತಾಗಿದರೆ ಸುಣ್ಣ ಕರಗುತ್ತೆ. ಹಾಗಾಗಿ ಬೀಸೋಕೆ ಗಟ್ಟಿ ಕರಿಕಲ್ಲೇ ಬೇಕಾಯ್ತು. ಹತ್ತಿರ ಸಿಕ್ಕಿದ್ದೆಲ್ಲ ಉಪಯೋಗಕ್ಕೆ ಬರಲ್ಲ ಅನ್ನೋದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ನವಶಿಲಾಯುಗದಲ್ಲಿ ಕಲ್ಲಿನ ಮೇಲೆ ಕಲ್ಲು ಹಿಂದೆ ಮುಂದೆ ಉಜ್ಜಿ ಅರೀತಿದ್ದರು. ದುಂಡಗೆ ತಿರುಗಿಸೋ ಜೋಡಿ ಕಲ್ಲು ಬಂದಿದ್ದು ಬಹಳ ಆಮೇಲೆ. ದೊಡ್ಡ ಸುಧಾರಣೆಯೇ ಸರಿ. ಆದರೆ ತಿರುಗಿಸೋ ತೋಳು ಮಾತ್ರ ಬದಲಾಗಲಿಲ್ಲ. ಅದು ಹೆಂಗಸಿನ ತೋಳು.

ರಾಜರ ಇತಿಹಾಸದಲ್ಲಿ ಈ ತೋಳು ಕಾಣೋದು ಅಪರೂಪ. ಸೇಡಂ ತಾಲೂಕಿನದ್ದೇ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷನ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಅವನ ಅರಮನೆಗೆ ಹಿಟ್ಟು ಬೀಸಿದವರ ಹೆಸರು? 12ನೇ ಶತಮಾನದ ಶರಣರಲ್ಲಿ ಒಂದು ಹೆಸರು ಸಿಗುತ್ತೆ, ಕೊಟ್ಟಣದ ಸೋಮಮ್ಮ. ಕೊಟ್ಟಣ ಅಂದರೆ ಧಾನ್ಯ ಕುಟ್ಟೋ ಕೆಲಸ. ಅದೇ ಅವಳ ಕಾಯಕ, ಅದೇ ಅವಳ ಹೆಸರಿನ ಮೊದಲ ಪದ.

1931ರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 'ಗರತಿಯ ಹಾಡು' ಸಂಕಲನ ತಂದರು. ಅಂಥ ಎಷ್ಟೋ ತ್ರಿಪದಿಗಳು ಹುಟ್ಟಿದ್ದು, ಉಳಿದದ್ದು ಬೀಸೋಕಲ್ಲಿನ ಮುಂದೆಯೇ. ಇವನ್ನ ಓದಿ ನಾವೆಲ್ಲ ಖುಷಿ ಪಡ್ತೀವಿ, ಪಡಬೇಕು ಕೂಡ. ಆದರೆ ಬೆಳಗಿನ ಜಾವ ಎದ್ದು, ಮನೆಮಂದಿಗೆಲ್ಲ ಸಾಲುವಷ್ಟು ಜೋಳ ಬೀಸೋ ಬೇಸರ ಕಳೆಯೋಕೆ ಹಾಡು ಬೇಕಿತ್ತು ಅನ್ನೋದನ್ನ ಮರೀಬಾರದು. ಊರಿಗೆ ಗಿರಣಿ ಬಂದಾಗ ಹಾಡು ಹೋಯ್ತು ಅಂತ ದುಃಖ ಪಟ್ಟವರು ಪುಸ್ತಕ ಓದುವವರು. ಬೀಸುವವರಿಗೆ ದಿನಾ ಎರಡು ತಾಸು ಹೆಚ್ಚಿಗೆ ನಿದ್ದೆ ಸಿಕ್ಕರೆ ಅದೂ ಲಾಭವೇ ಅಲ್ವಾ?

ಕುಕ್ಕರ್ ಕಥೆಯೂ ಇದೇ. ಡೆನಿಸ್ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ ಮುಚ್ಚಳ ಬಿಗಿದು ಹಬೆಯಲ್ಲಿ ಬೇಯಿಸೋ ಪಾತ್ರೆ ಮಾಡಿದ್ದು 1679ರಲ್ಲಿ. ಭಾರತದ ಅಡುಗೆಮನೆಗೆ ಇಲ್ಲೇ ತಯಾರಾದ ಕುಕ್ಕರ್ ಬರೋಕೆ ಶುರುವಾಗಿದ್ದು 1959ರ ಹೊತ್ತಿಗೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ನಿಂತುಬಿಡುತ್ತೆ, ಕುಕ್ಕರಿನಲ್ಲಿ ಸುಮಾರು 120ಕ್ಕೆ ಏರುತ್ತೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಕಲಬುರಗಿ ತೊಗರಿಬೇಳೆಗೆ ಆ 20 ಡಿಗ್ರಿ ಅಂದರೆ ಉಳಿದ ಉರುವಲು, ಉಳಿದ ಸಮಯ. ಇಲ್ಲಿ ಧಾನ್ಯ, ತೋಳು ಎರಡೂ ಒಪ್ಪಿದವು.

ಮಿಕ್ಸಿ ಮಾತ್ರ ಅರ್ಧ ಗೆದ್ದಿತು. ಮಸಾಲೆ ರುಬ್ಬೋಕೆ ಸೈ. ಆದರೆ ಶೇಂಗಾ ಹಿಂಡಿಗೆ? ಬ್ಲೇಡು ಜೋರಾಗಿ ತಿರುಗಿ ಬಿಸಿಯಾಗುತ್ತೆ, ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತೆ. ಕಲ್ಲಲ್ಲಿ ಕುಟ್ಟಿದರೆ ಆ ತೊಂದರೆ ಕಡಿಮೆ. ವಾರಕ್ಕೆ ಒಂದು ಸಲ ಕುಟ್ಟೋದು ತೋಳಿಗೂ ಭಾರ ಅಲ್ಲ.

ಹಾಗಾದ್ರೆ ಏನು ತಗೋಬೇಕು? ದಪ್ಪ ಕಬ್ಬಿಣದ ಹಂಚು, ಅಗಲದ ಪರಾತ, ಒಂದು ಕುಕ್ಕರ್, ಸಾಧಾರಣ ಮಿಕ್ಸಿ, ಕುಟ್ಟೋಕೆ ಸಣ್ಣ ಕರಿಕಲ್ಲು. ರೊಟ್ಟಿ ತಿನ್ನೋ ಮನೆಗೆ ಇಷ್ಟು ಸಾಕು. ಬೀಸೋಕಲ್ಲು ಹಾಲ್‌ನಲ್ಲಿ ಶೋಗೆ ಇಡ್ತೀರಾ? ಇಡಿ, ಯಾರು ಬೇಡ ಅಂತಾರೆ. ಆದರೆ "ಬೀಸಿದ ಹಿಟ್ಟೇ ಆರೋಗ್ಯ" ಅಂತ ಭಾಷಣ ಮಾಡೋ ಮೊದಲು ಬೀಸೋರು ಯಾರು ಅಂತ ಮನೇಲಿ ತೀರ್ಮಾನ ಮಾಡ್ಕೊಳ್ಳಿ.

ಇನ್ನೊಂದು ಮಾತು. ರೊಟ್ಟಿ ಮಾಡೋ ಮೆಷೀನ್ ಬಂದಿದ್ದರೂ ಮನೆಗಳಲ್ಲಿ ರೊಟ್ಟಿ ಬಡಿಯೋದು ಇನ್ನೂ ಕೈಯೇ. ಈ ಒಂದು ಸಾಮಾನಿಗೆ ಬದಲಿ ಸಿಕ್ಕಿಲ್ಲ. ಅಂಗಡಿಯಲ್ಲಿ ಹುಡುಕೋದೂ ಬೇಡ, ಗಂಡಸರಿಗೂ ದೇವರು ಎರಡೆರಡು ಕೊಟ್ಟಿದ್ದಾನೆ :-)